ಗೊತ್ತುಜ್ಜಿ

ಆ ಹೆಸರು ಅವರಿಗೆ ಬಂದದ್ದು ನನ್ನ ಮಗಳ ತಪ್ಪಿನಿಂದ. ನಾವು ಚಿತ್ರದುರ್ಗದ ಕಡೆಯವರು. ಕರಾವಳಿಯಲ್ಲಿ, ಅತ್ತಾವರದ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ನನಗೆ ಕೆಲಸ ಸಿಕ್ಕಿತು, ಗಂಡನ ಕೆಲಸ ಬಳ್ಳಾರಿಯಲ್ಲೇ ಉಳಿಯಿತು. ಐದು ವರ್ಷದ ಮಗಳನ್ನು ಕಟ್ಟಿಕೊಂಡು ಮಣ್ಣಗುಡ್ಡದ ಹಳೆಯ ಅಪಾರ್ಟ್‌ಮೆಂಟೊಂದರ ಮೊದಲ ಮಹಡಿಗೆ ಬಾಡಿಗೆಗೆ ಬಂದೆ. ಎದುರು ಬಾಗಿಲಿನಲ್ಲಿ ಅವರಿದ್ದರು, ವಯಸ್ಸಾದ ಹೆಂಗಸು, ಒಬ್ಬರೇ. ದಿನಾ ಬೆಳಿಗ್ಗೆ ಮೀನಿನ ಹೆಂಗಸು ಮೆಟ್ಟಿಲ ಮೇಲೆ ಬುಟ್ಟಿ ಇಳಿಸಿ ಅವರನ್ನು ತುಳುವಿನಲ್ಲಿ ಏನೇನೋ ಕೇಳುವಳು. ಈ ಸಲ ಬೂತಾಯಿ ಮೀನು ಬರುತ್ತದಾ, ಮಳೆ ಬೇಗ ಹಿಡಿಯುತ್ತದಾ, ಹೀಗೆ. ಅವರು ಪ್ರತಿಯೊಂದಕ್ಕೂ ಯೋಚಿಸಿ, ತಲೆಯಾಡಿಸಿ, "ಗೊತ್ತುಜ್ಜಿ" ಎನ್ನುವರು.

ತುಳುವಿನಲ್ಲಿ ಹಾಗೆಂದರೆ "ಗೊತ್ತಿಲ್ಲ" ಎಂದು. ತುಳುವಿನ ಗಂಧಗಾಳಿ ಇಲ್ಲದ ನನ್ನ ಮಗಳು ಅದನ್ನು ಕನ್ನಡದ ಕಿವಿಯಿಂದ ಕೇಳಿಸಿಕೊಂಡಳು. ಗೊತ್ತು ಇರುವ ಅಜ್ಜಿ, ಅದಕ್ಕೇ ಗೊತ್ತುಜ್ಜಿ. ದಿನಾ ಬಂದು ಕೇಳುತ್ತಾರೆ ಎಂದಮೇಲೆ ಇವರಿಗೆ ಎಲ್ಲವೂ ಗೊತ್ತಿರಬೇಕು ಎಂದು ಅವಳ ಲೆಕ್ಕ. ಒಂದು ದಿನ ಬಾಗಿಲು ತೆರೆದವಳೇ, "ಗೊತ್ತುಜ್ಜೀ, ನಮ್ಮ ಚೆಂಡು ನಿಮ್ಮನೆ ಬಾಲ್ಕನಿಗೆ ಬಿದ್ದೈತೆ" ಎಂದು ಕೂಗಿದಳು. ಅವರು ಗೋಡೆ ಹಿಡಿದುಕೊಂಡು ನಗಲು ಶುರು ಮಾಡಿದರು.

"ಮೂವತ್ತು ವರ್ಷ ಸರ್ವಿಸ್ ಮಾಡಿದೆ ಮಾರಾಯ್ರೆ. ನನಗೆ ಸರಿಯಾದ ಡೆಸಿಗ್ನೇಶನ್ ಕೊಟ್ಟದ್ದು ಈ ಬಾಲೆ" ಎಂದರು. ಬಾಲೆ ಎಂದರೆ ತುಳುವಿನಲ್ಲಿ ಮಗು. ಅಂದಿನಿಂದ ಅವಳು ಅವರಿಗೆ ಬಾಲೆ, ಅವರು ಅವಳಿಗೆ ಗೊತ್ತುಜ್ಜಿ. ಕಳೆದ ತಿಂಗಳು ಅವರು ತೀರಿಕೊಂಡರು. ಅವರ ನಿಜವಾದ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಅದು ಯಾರೋ ಬೇರೆಯವರ ಹೆಸರಿನಂತೆ ಕಾಣುತ್ತದೆ.

ಮೀನಿನ ಬಗ್ಗೆ ಸಂಶೋಧನೆ ಮಾಡುವ ಒಂದು ಕಚೇರಿಯಲ್ಲಿ ಅವರು ವಿಜ್ಞಾನಿಯಾಗಿದ್ದು ನಿವೃತ್ತರಾದವರು. ಆದರೆ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅವರಿಗಿದ್ದ ಹೆಸರು ಬೇರೆ: ತಲೆನೋವಿನ ಹೆಂಗಸು. ವಾಚ್‌ಮನ್ ಬಂದು "ಹತ್ತು ಗಂಟೆಗೆ ಕರೆಂಟು ಬರ್ತದೆ" ಎಂದರೆ, "ಯಾರು ಹೇಳಿದ್ದು? ಅವರಿಗೆ ಹೇಗೆ ಗೊತ್ತು?" ಎಂದು ಕೇಳುವರು. ಪಾಪ, ಅವನು ಅಲ್ಲಿಂದ ಕಾಲು ಕೀಳುತ್ತಿದ್ದ. ನೀರಿನ ಟ್ಯಾಂಕು ತೊಳೆದಾಯಿತು ಎಂದು ಸಂಘದ ಕಾರ್ಯದರ್ಶಿ ನೋಟೀಸು ಹಾಕಿದರೆ, ಎರಡು ಮೊಣಕಾಲೂ ನೋಯುತ್ತಿದ್ದರೂ ತಾರಸಿ ಹತ್ತಿ ಇಣುಕಿ ಬರುವರು. "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಎಂಬ ಗಾದೆಯನ್ನು ನಾವೆಲ್ಲ ಶಾಲೆಯಲ್ಲಿ ಓದಿ ಅಂಕ ತೆಗೆದುಕೊಂಡು ಮರೆತೆವು. ಅವರೊಬ್ಬರು ಅದನ್ನು ನಿಜವೆಂದೇ ನಂಬಿಬಿಟ್ಟಿದ್ದರು. ಹಾಗಾಗಿ ಅವರ ಮನೆಗೆ ಯಾರೂ ಹೋಗುತ್ತಿರಲಿಲ್ಲ. ಮೀನಿನ ಹೆಂಗಸು ಒಬ್ಬಳು, ಮತ್ತೆ ನನ್ನ ಮಗಳು.

ಮಗಳಿಗೆ ಒಂದನೇ ಕ್ಲಾಸಿನಲ್ಲಿ ಹೋಂವರ್ಕ್ ಕೊಟ್ಟರು. ನೆರೆಮನೆಯ ಒಬ್ಬರ ಕೆಲಸದ ಬಗ್ಗೆ ಐದು ವಾಕ್ಯ ಬರೆಯಬೇಕು. ಕೆಳಗಿನ ಮನೆಯಲ್ಲಿ ದಂತವೈದ್ಯರಿದ್ದರು, ಸುಲಭವಾಗಿ ಆಗಿಹೋಗುತ್ತಿತ್ತು. ಇವಳು ಪೆನ್ಸಿಲ್ ಹಿಡಿದು ಎದುರು ಮನೆಗೆ ಹೋದಳು. ನಾನೂ ಹಿಂದೆ ಹೋದೆ.

ಅವರ ಹಾಲ್‌ನಲ್ಲಿ ಸೋಫಾ ಇರಲಿಲ್ಲ. ಒಂದು ಉದ್ದನೆಯ ಮೇಜು, ಅದರ ಮೇಲೆ ಕಚೇರಿಯ ಹರಾಜಿನಲ್ಲಿ ಕೊಂಡ ಹಳೆಯ ಮೈಕ್ರೋಸ್ಕೋಪು, ಎದುರು ಬದುರಾಗಿ ಎರಡು ಕುರ್ಚಿ. ಒಂದು ಕುರ್ಚಿಯ ಬೆತ್ತದ ಹೆಣಿಗೆ ಕೂತು ಕೂತು ಜೋತಿತ್ತು. ಇನ್ನೊಂದು ಹೊಸದರಂತೆ ಬಿಗಿಯಾಗಿತ್ತು, ಅದರ ಮೇಲೆ ಹಳೆಯ ಪೇಪರುಗಳಿದ್ದವು. ಅವರು ಪೇಪರು ತೆಗೆದು ಮಗಳನ್ನು ಅಲ್ಲಿ ಕೂರಿಸಿದರು.

ಮೊದಲ ಪ್ರಯತ್ನದಲ್ಲಿ "ಸಾಗರ ಜೀವಿಗಳ ವಯೋನಿರ್ಣಯ" ಎಂದೇನೋ ಹೇಳಿದರು. ಮಗಳು ಪಿಳಿಪಿಳಿ ಕಣ್ಣು ಬಿಟ್ಟಳು. ಅವರು ತಡೆದು, ನೀರು ಕುಡಿದು, ಮತ್ತೆ ಶುರು ಮಾಡಿದರು.

"ನಿನಗೆ ಎಷ್ಟು ವರ್ಷ?"

"ಆರು."

"ಹೇಗೆ ಗೊತ್ತು?"

"ಅಮ್ಮ ಹೇಳಿದ್ಳು."

"ಮೀನಿಗೆ ಹೇಳುವ ಅಮ್ಮ ಇಲ್ಲ. ಮೊಟ್ಟೆ ಇಟ್ಟು ಹೋಗಿಬಿಡ್ತದೆ. ಬರ್ತ್ ಸರ್ಟಿಫಿಕೇಟೂ ಇಲ್ಲ. ಹಾಗಾದ್ರೆ ಮೀನಿಗೆ ಎಷ್ಟು ವರ್ಷ ಅಂತ ಯಾರಲ್ಲಿ ಕೇಳುವುದು?"

ಮಗಳು ಯೋಚಿಸಿದಳು. "ಮೀನನ್ನೇ."

"ಹಾಂ, ಸರಿ! ಮೀನನ್ನೇ ಕೇಳಬೇಕು. ಆದ್ರೆ ಅದು ಬಾಯಲ್ಲಿ ಹೇಳುವುದಿಲ್ಲ, ಕಿವಿಯಲ್ಲಿ ಹೇಳ್ತದೆ."

ಫ್ರಿಜ್ಜಿನಿಂದ ಒಂದು ಕಲ್ಲೂರು ಮೀನಿನ ತಲೆ ಬಂತು. ನಮ್ಮದು ಮೀನು ಮುಟ್ಟದ ಮನೆ. ನಾನು ಸೆರಗು ಮೂಗಿಗೆ ಹಿಡಿದುಕೊಂಡು ಬಾಗಿಲಿನತ್ತ ಸರಿದೆ. ಅವರು ತಲೆಯನ್ನು ಸೀಳಿ, ಒಳಗಿನಿಂದ ಚಿಮಟದಲ್ಲಿ ಹುರುಳಿಕಾಳಿಗಿಂತ ದೊಡ್ಡದಾದ ಬಿಳಿ ಕಲ್ಲೊಂದನ್ನು ತೆಗೆದು ಅವಳ ಅಂಗೈಗೆ ಹಾಕಿದರು. ಎಲ್ಲ ಮೀನಿಗೂ ಕಿವಿಯೊಳಗೆ ಇಂಥ ಕಲ್ಲು ಇರುತ್ತದಂತೆ. ಮೀನು ಬೆಳೆದ ಹಾಗೆ ಅದೂ ಬೆಳೆಯುತ್ತದೆ, ಸುತ್ತಿನ ಮೇಲೆ ಸುತ್ತು ಕಟ್ಟುತ್ತದೆ. ಕೊಯ್ದು, ತೆಳ್ಳಗೆ ಉಜ್ಜಿ, ಎಣ್ಣೆ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಗೆರೆಗಳು ಕಾಣುತ್ತವೆ.

"ಬರ್ತ್‌ಡೇಗೆ ಒಂದೊಂದು ಗೆರೆನಾ?" ಎಂದಳು ಮಗಳು.

ಅವರ ಮುಖ ಅರಳಿತು. "ಅದೇ! ಅದೇ ನನ್ನ ಪ್ರಶ್ನೆ. ಚಳಿ ಬೀಳುವ ದೇಶದಲ್ಲಿ ಚಳಿಗಾಲಕ್ಕೆ ಒಂದು ಗೆರೆ. ನಮ್ಮ ಕಡಲಿನಲ್ಲಿ ಚಳಿ ಎಲ್ಲಿ ಉಂಟು? ಮಳೆಗಾಲಕ್ಕೆ ಒಂದಾ? ವರ್ಷಕ್ಕೆ ಎರಡಾ? ಅದು ಗೊತ್ತಾಗದಿದ್ರೆ ಬಲೆಗೆ ಬಿದ್ದದ್ದು ಅಜ್ಜಿ ಮೀನಾ ಬಾಲೆ ಮೀನಾ ಅಂತ ಗೊತ್ತಾಗುವುದಿಲ್ಲ. ಬಾಲೆಗಳನ್ನೇ ಹಿಡಿದು ತಿಂದ್ರೆ ಆಮೇಲೆ ಮೊಟ್ಟೆ ಇಡುವವರು ಯಾರು?"

"ಎಷ್ಟು ದಿನದಿಂದ ಹುಡುಕ್ತಿದೀಯ?"

"ಮೂವತ್ತು ವರ್ಷ ಆಯ್ತು."

"ಇನ್ನೂ ಗೊತ್ತಾಗ್ಲಿಲ್ವಾ? ನೀನು ದಡ್ಡಿನಾ?"

ನಾನು "ಏಯ್" ಎಂದು ಗದರಿದೆ. ಅವರು ಕೈಯೆತ್ತಿ ನನ್ನನ್ನು ತಡೆದರು.

"ದಡ್ಡಿ ಅಲ್ಲ ಬಾಲೆ, ಒಬ್ಬಳೇ. ಒಬ್ಬಳು ಎಣಿಸಿದ್ರೆ ಅದು ಎಣಿಕೆ ಅಲ್ಲ. ಇನ್ನೊಬ್ಬರು ಬೇರೆ ಕೂತು, ನನ್ನದು ನೋಡದೆ, ಅದೇ ಕಲ್ಲನ್ನು ಎಣಿಸಬೇಕು. ಅದಕ್ಕೆ ಎರಡನೇ ಓದು ಅಂತ ಹೇಳ್ತೇವೆ."

ಮಗಳು ಬರೆದ ಐದು ವಾಕ್ಯಗಳು ಹೀಗಿದ್ದವು: "ನಮ್ಮ ಗೊತ್ತುಜ್ಜಿ ವಿಜ್ಞಾನಿ. ಅವರು ಮೀನಿನ ಬರ್ತ್‌ಡೇ ಹುಡುಕುತ್ತಾರೆ. ಮೀನು ಸತ್ತ ಮೇಲೆ ಹುಡುಕುತ್ತಾರೆ. ಇನ್ನೂ ಸಿಕ್ಕಿಲ್ಲ. ಅವರಿಗೆ ಗೊತ್ತಿಲ್ಲ." ಕೊನೆಯ ವಾಕ್ಯಕ್ಕೆ ಟೀಚರು ಕೆಂಪು ಗೀಟು ಹಾಕಿ, "ವಿಜ್ಞಾನಿಗಳಿಗೆ ಗೊತ್ತಿರುತ್ತದೆ" ಎಂದು ಪಕ್ಕದಲ್ಲಿ ತಿದ್ದಿದ್ದರು. ಗೊತ್ತುಜ್ಜಿ ಪುಸ್ತಕ ತರಿಸಿಕೊಂಡು ಎರಡು ಸಲ ಓದಿದರು. ಆ ಕೆಂಪು ಗೀಟಿನ ವಾಕ್ಯದ ಮುಂದೆ ತಮ್ಮ ಪೆನ್ಸಿಲಿನಲ್ಲಿ ಒಂದು ರೈಟ್ ಹಾಕಿದರು. ಆ ಪುಟದ ಜೆರಾಕ್ಸ್ ಮಾಡಿಸಿ ಕಪಾಟಿನ ಬಾಗಿಲಿಗೆ ಅಂಟಿಸಿಕೊಂಡರು. ಸನ್ಮಾನಪತ್ರಗಳನ್ನು ತೂಗುಹಾಕಿದ ನಿವೃತ್ತರನ್ನು ಬೇಕಾದಷ್ಟು ನೋಡಿದ್ದೇನೆ. ಹೀಗೊಂದನ್ನು ಅಂಟಿಸಿಕೊಂಡವರನ್ನು ಬೇರೆ ಕಂಡಿಲ್ಲ.

ಆಮೇಲೆ ನನ್ನ ಮಗಳು ಶಾಲೆಯಿಂದ ಬಂದು ನಾನು ಬರುವ ತನಕ ಆ ಬಿಗಿ ಕುರ್ಚಿಯಲ್ಲೇ ಇರುತ್ತಿದ್ದಳು. ಇಬ್ಬರೂ ಒಂದೇ ಕಲ್ಲನ್ನು ಸರದಿಯಂತೆ ನೋಡಿ, ಚೀಟಿಯಲ್ಲಿ ಬರೆದು ಮಡಚಿ, ಒಟ್ಟಿಗೆ ಬಿಡಿಸುವರು. ಅಜ್ಜಿಯದು ಮೂರು, ಇವಳದು ಹನ್ನೊಂದು! ಆಗ ಜಗಳ ಶುರು. ಎರಡು ಎಣಿಕೆ ಹೊಂದದಿದ್ದರೆ ಇಬ್ಬರೂ ಕೂತು ಮತ್ತೆ ನೋಡಿ ವಾದ ಮಾಡಬೇಕು, ಅವರ ಕೆಲಸದಲ್ಲಿ ಅದೇ ಪದ್ಧತಿ. ಅವರು ಅದಕ್ಕೆ ಜಗಳ ಎಂದೇ ಹೇಳುತ್ತಿದ್ದರು. ನಾನು ಮೆಟ್ಟಿಲು ಹತ್ತುವಾಗ "ಅದು ಗೆರೆಯೇ ಅಲ್ಲ ಮಾರಾಯ್ತಿ!" ಎಂದು ಅವರೂ, "ಗೆರೆನೇ, ಗೆರೆನೇ!" ಎಂದು ಇವಳೂ ಕೂಗುವುದು ಕೇಳಿಸುತ್ತಿತ್ತು. ಅರವತ್ತೈದು ದಾಟಿದ ಹೆಂಗಸು ಮಗುವಿನೆದುರು ಒಂದು ಗೆರೆಯನ್ನೂ ಬಿಟ್ಟುಕೊಡುತ್ತಿರಲಿಲ್ಲ. ಹಾಗೆ ಜಗಳವಾಡುವಾಗ ಅವರ ದನಿ ಎಷ್ಟು ಎಳೆಯದಾಗುತ್ತಿತ್ತೆಂದರೆ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಆ ಊರಿನಲ್ಲಿ ನನ್ನ ಜೊತೆ ಜಗಳವಾಡುವವರು ಕೂಡ ಯಾರೂ ಇರಲಿಲ್ಲ.

ಒಂದು ಭಾನುವಾರ ಚಹಾ ಕುಡಿಯುತ್ತ ಅವರು ತಮ್ಮ ಕಚೇರಿಯ ಒಂದು ಸಂಗತಿ ಹೇಳಿದರು. ಅವರ ಜೊತೆ ಎರಡನೇ ಓದಿಗೆ ಒಬ್ಬ ಸಹೋದ್ಯೋಗಿಯಿದ್ದರು. ಹನ್ನೊಂದು ವರ್ಷ ಇಬ್ಬರೂ ಎಣಿಸಿದರು, ಎಣಿಕೆಗಳು ಚೆನ್ನಾಗಿ ಹೊಂದುತ್ತಿದ್ದವು. ಪ್ರಬಂಧ ಬರೆದು ಕಳಿಸಿದ್ದೂ ಆಗಿತ್ತು. ಆ ಹೊತ್ತಿಗೆ ಆತ ನಗುನಗುತ್ತಲೇ ಹೇಳಿದರಂತೆ, "ನಾನೆಲ್ಲಿ ನೋಡಿದ್ದೇನೆ ಮೇಡಂ? ನಿಮ್ಮ ಪುಸ್ತಕ ನೋಡಿ ಬರೀತಿದ್ದೆ. ನೀವು ಎಣಿಸಿದ ಮೇಲೆ ತಪ್ಪಿರ್ತದಾ?"

"ಒಳ್ಳೆಯ ಜನ ಅವರು" ಎಂದರು ಗೊತ್ತುಜ್ಜಿ. "ಮಧ್ಯಾಹ್ನ ಅವರ ಬುತ್ತಿಯಲ್ಲಿ ನನಗೂ ಪಾಲು ಕೊಡ್ತಿದ್ರು. ನನ್ನ ಮೇಲೆ ಗೌರವದಿಂದಲೇ ಮಾಡಿದ್ದು. ಆದ್ರೆ ಹನ್ನೊಂದು ವರ್ಷ ಆ ಕೋಣೆಯಲ್ಲಿ ನಾನು ಒಬ್ಬಳೇ ಇದ್ದೆ ಅಂತ ನನಗೆ ಗೊತ್ತೇ ಇರಲಿಲ್ಲ ನೋಡಿ."

ಗೊತ್ತುಜ್ಜಿ ಪ್ರಬಂಧವನ್ನು ತಾವಾಗಿಯೇ ವಾಪಸು ಪಡೆದರು. ಕಚೇರಿಯಲ್ಲಿ ಯಾರಿಗೂ ಅದು ಇಷ್ಟವಾಗಲಿಲ್ಲ. ಯಾರು ನೋಡುತ್ತಿದ್ದರು, ಸುಮ್ಮನಿರಬಹುದಿತ್ತಲ್ಲ ಎಂದರು. ಆಮೇಲೆ ಅವರ ಜೊತೆ ಎಣಿಸಲು ಯಾರೂ ಕೂರಲಿಲ್ಲ. ನಿವೃತ್ತರಾಗಿ ಕೋಣೆ ಖಾಲಿ ಮಾಡುವಾಗ, ಎಸೆಯಲು ಇಟ್ಟಿದ್ದ, ಆಗಲೇ ಕೊಯ್ದು ಉಜ್ಜಿದ ಕಲ್ಲುಗಳಲ್ಲಿ ನಲವತ್ತನ್ನು ಕೇಳಿಕೊಂಡು ಮನೆಗೆ ತಂದಿದ್ದರು. ಅವನ್ನು ಹೊಸದಾಗಿ ಎಣಿಸಿಟ್ಟಿದ್ದರು. ಎರಡನೇ ಓದು ಬಾಕಿ ಇತ್ತು.

ಇಷ್ಟು ಹೇಳಿ ಅವರು ಲೋಟ ಕೆಳಗಿಟ್ಟರು. ಅಷ್ಟು ಹಿಂಜರಿದು ಅವರು ಮಾತಾಡಿದ್ದನ್ನು ನಾನು ಮೊದಲು ಕಂಡಿರಲಿಲ್ಲ. "ನಿಮಗೆ ಮೈಕ್ರೋಸ್ಕೋಪು ಅಭ್ಯಾಸ ಉಂಟಲ್ಲ. ದಿನಾ ರಕ್ತ ನೋಡ್ತೀರಿ. ಬಾಲೆಯದ್ದು ಆಟ ಆಯ್ತು. ನೀವೊಮ್ಮೆ ನೋಡಿ ಕೊಡ್ತೀರಾ? ಗಡಿಬಿಡಿ ಇಲ್ಲ. ನಿಮಗೆ ಪುರುಸೊತ್ತು ಆದಾಗ."

ಆಯಿತು ಎಂದೆ. ಯಾರಾದರೂ ಬೇಡ ಎನ್ನುತ್ತಾರೆಯೇ?

ಗೆರೆ ಯಾವುದು, ಗೆರೆಯಂತೆ ಕಾಣುವುದು ಯಾವುದು ಎಂದು ಎರಡು ಮಧ್ಯಾಹ್ನ ಕಲಿಸಿದರು. ನಲವತ್ತು ಕಲ್ಲುಗಳ ಡಬ್ಬವನ್ನೂ, ತಾವು ಬರೆಯುವ ಪ್ಯಾಡಿನಿಂದ ಹರಿದ ಒಂದು ಖಾಲಿ ಹಾಳೆಯನ್ನೂ ಕೊಟ್ಟರು. ಮೈಕ್ರೋಸ್ಕೋಪನ್ನು ನಮ್ಮ ಮನೆಗೇ ತಂದಿಟ್ಟರು. ತಾವು ಹತ್ತಿರವಿದ್ದರೆ ನನ್ನ ಎಣಿಕೆ ಕೆಡುತ್ತದಂತೆ.

ಅದು ಮಳೆಗಾಲ, ಊರಿಗೆಲ್ಲ ಡೆಂಗಿ. ಲ್ಯಾಬಿನಲ್ಲಿ ಬೆಳಗಿನಿಂದ ತಲೆ ಎತ್ತದೆ ರಕ್ತದ ಸ್ಲೈಡು ನೋಡಿ, ಬಸ್ಸಿನಲ್ಲಿ ನಿಂತು ಬಂದು, ಮತ್ತೆ ಅದೇ ಕೊಳವೆಗೆ ಕಣ್ಣು ಕೊಡುವುದೆಂದರೆ ನನಗೆ ಅಳು ಬರುತ್ತಿತ್ತು. ಒಂದು ತಿಂಗಳಲ್ಲಿ ಹನ್ನೆರಡು ಕಲ್ಲು ಆಯಿತು. ಅವರು ಒಮ್ಮೆಯೂ ಕೇಳಲಿಲ್ಲ. ಬಾಗಿಲಲ್ಲಿ ಕಂಡರೆ ಮಾತ್ರ ಅವರ ಕಣ್ಣು ನನ್ನ ಹೆಗಲ ಮೇಲಿಂದ ಒಳಗಿನ ಮೇಜಿನತ್ತ ಹೋಗಿ ಬರುತ್ತಿತ್ತು. ಆ ನೋಟವನ್ನು ತಪ್ಪಿಸಿಕೊಳ್ಳಲು ನಾನು ಬಾಗಿಲನ್ನು ಅರ್ಧವೇ ತೆರೆಯತೊಡಗಿದೆ.

ಒಂದು ಸಂಜೆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ಕಂಡಿತು. ಅವರು ಪೆನ್ಸಿಲನ್ನು ಒತ್ತಿ ಬರೆಯುವವರು. ಮೇಲಿನ ಹಾಳೆಯಲ್ಲಿ ಬರೆದ ಅವರ ಅಂಕಿಗಳ ಗುರುತೆಲ್ಲ ಈ ಖಾಲಿ ಹಾಳೆಯ ಮೇಲೆ ತಗ್ಗಾಗಿ ಬಿದ್ದಿತ್ತು. ಒಂದರಿಂದ ನಲವತ್ತರವರೆಗೆ ಸ್ಪಷ್ಟವಾಗಿ ಓದಬಹುದಿತ್ತು. ಹದಿಮೂರರಿಂದ ಮುಂದೆ ನಾನು ಕಲ್ಲು ನೋಡಲೇ ಇಲ್ಲ. ಆ ತಗ್ಗುಗಳನ್ನು ನೋಡಿ ಬರೆದೆ. ಅನುಮಾನ ಬರದಿರಲೆಂದು ಎರಡು ಕಡೆ ಒಂದೊಂದು ಹೆಚ್ಚು ಕಡಿಮೆ ಮಾಡಿದೆ. ಕಾಲು ಗಂಟೆಯಲ್ಲಿ ಮುಗಿಯಿತು. ಆ ಸಹೋದ್ಯೋಗಿಯ ಕಥೆ ಕೇಳಿದ್ದವಳೇ ನಾನು. ಅದು ನೆನಪಿಗೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಮರುದಿನ ಡಬ್ಬ, ಮೈಕ್ರೋಸ್ಕೋಪಿನ ಜೊತೆ ಹಾಳೆಯನ್ನೂ ಕೊಟ್ಟೆ. ಅವರು ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು, ತಮ್ಮ ಹಾಳೆಯನ್ನು ಪಕ್ಕದಲ್ಲಿಟ್ಟು ಬೆರಳಿಟ್ಟುಕೊಂಡು ಇಳಿಯುತ್ತ ಬಂದರು. ಮೊದಮೊದಲು "ಅರೆ, ಇದು ಐದಾ?" "ಇಲ್ಲಿ ಜಗಳ ಉಂಟು ನಮಗೆ" ಎಂದು ಹಬ್ಬದ ಹುಮ್ಮಸ್ಸಿನಲ್ಲಿದ್ದರು. ಬೆರಳು ಅರ್ಧ ಹಾಳೆ ದಾಟಿತು. ಕೊನೆಯವರೆಗೆ ಹೋಗಿ, ಮತ್ತೆ ಮೇಲಕ್ಕೆ ಬಂದು, ಹಾಳೆಯನ್ನು ಓರೆಯಾಗಿ ಬೆಳಕಿಗೆ ಹಿಡಿದರು.

"ನಿಮಗೆ ಆಯಾಸ ಆಗಿದೆ" ಎಂದರು. "ನಾನು ಕೇಳಬಾರದಿತ್ತು. ಚಹಾ ಮಾಡ್ತೇನೆ, ಕೂತುಕೊಳ್ಳಿ."

ಬೈದಿದ್ದರೆ ಕಾಲು ಹಿಡಿದು ಬಿಡುತ್ತಿದ್ದೆ. ಅವರು ಚಹಾಕ್ಕೆ ಸಕ್ಕರೆ ಎಷ್ಟು ಎಂದು ಕೇಳಿದರು, ಮೂರು ವರ್ಷದಿಂದ ಗೊತ್ತಿದ್ದದ್ದನ್ನು. ನಾನು ಹೇಳಿದೆ. ಕುಡಿದು ಎದ್ದು ಬಂದೆ. ಆಮೇಲೆಯೂ ಎರಡೂವರೆ ವರ್ಷ ಎದುರು ಬದುರು ಬಾಗಿಲಲ್ಲಿ ಇದ್ದೆವು, ಸಾರು ಪಲ್ಯ ಕೊಟ್ಟು ತೆಗೆದುಕೊಂಡೆವು, ಮಗಳು ಹೋಗಿ ಬಂದು ಮಾಡಿದಳು. ಕಲ್ಲಿನ ವಿಷಯವನ್ನು ಅವರು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ನಾಳೆ ಹೇಳೋಣ ಎಂದುಕೊಂಡ ದಿನಗಳೇ ಬೇಕಾದಷ್ಟು. ಮಗಳು ದೊಡ್ಡವಳಾದಂತೆ ಅವಳಿಗೂ ಟ್ಯೂಶನ್ನು, ಗೆಳತಿಯರು. ಆ ಬಿಗಿ ಕುರ್ಚಿಯ ಮೇಲೆ ಪೇಪರುಗಳು ಮತ್ತೆ ಬಂದು ಕೂತಿದ್ದವು. ಅದನ್ನು ನೋಡಿಯೂ ನೋಡದವಳಂತೆ ಇದ್ದೆ.

ಅವರಿಗೆ ಎದೆನೋವು ಬಂದದ್ದು ನಾನು ಡ್ಯೂಟಿಗೆ ಹೋದಮೇಲೆ. ವಾಚ್‌ಮನ್ನೇ ಆಟೋದಲ್ಲಿ ನಮ್ಮ ಆಸ್ಪತ್ರೆಗೆ ಕರೆತಂದ. ಅವರ ರಕ್ತದ ಟ್ಯೂಬು ನನ್ನ ಮೇಜಿಗೇ ಬಂತು, ಮೇಲೆ ಅವರ ಹೆಸರಿನ ಚೀಟಿಯಿತ್ತು. ಪರೀಕ್ಷೆ ಮಾಡಿದೆ. ಫಲಿತಾಂಶ ನಂಬದೆ ಇನ್ನೊಮ್ಮೆ ಮಾಡಿದೆ. ಪಕ್ಕದ ಹುಡುಗಿಯನ್ನು ಕರೆದು, ನನ್ನದು ತೋರಿಸದೆ, ಅವಳಿಂದಲೂ ಮಾಡಿಸಿದೆ. ಮೂರೂ ಒಂದೇ ಆಗಿತ್ತು. ಮಧ್ಯಾಹ್ನಕ್ಕೆ ಅವರು ಹೋದರು.

ಮನೆ ಖಾಲಿ ಮಾಡಲು ಕೂಳೂರಿನಿಂದ ಅವರ ತಮ್ಮ ಬಂದರು. ಸಂಕೋಚದ ಮನುಷ್ಯ. ಕಪಾಟಿನ ಬಾಗಿಲಿನ ಜೆರಾಕ್ಸನ್ನು ಓದುತ್ತ ನಿಂತಿದ್ದರು.

"ಅಕ್ಕ ಎಂತ ಮಾಡ್ತಿದ್ದಳು ಅಂತ ನಮಗೆ ಇವತ್ತಿಗೂ ಸರಿ ಗೊತ್ತಿಲ್ಲ ಮಾರಾಯ್ರೆ. ಮೀನಿನ ಆಫೀಸು ಅಂತ ಹೇಳ್ತಿದ್ದೆವು. ಹಾಗಾದ್ರೆ ಮೀನು ಕಡಿಮೆಗೆ ಸಿಕ್ತದಾ ಅಂತ ನೆಂಟರೆಲ್ಲ ಕೇಳ್ತಿದ್ರು. ಅವಳಿಗೆ ಕೋಪ ಬರ್ತಿತ್ತು."

ಹನ್ನೊಂದು ವರ್ಷದ ಮಗಳು ಅವರಿಗೆ ಹೇಳಿದಳು. ಅಮ್ಮ ಇಲ್ಲದ ಮೀನು, ಕಿವಿಯ ಕಲ್ಲು, ಮಳೆಗಾಲದ ಗೆರೆ, ಎಲ್ಲ ಅಜ್ಜಿಯ ಮಾತಿನಲ್ಲೇ ಹೇಳಿದಳು. ಈಗ ಅವಳ ಕನ್ನಡವೂ ಇಲ್ಲಿಯದೇ. ಅವರು ಕೇಳಿದರು, "ಹಾಗಾದ್ರೆ ಕೊನೆಗೆ ಎಷ್ಟು ಗೆರೆ ಅಂತ ಆಯ್ತು, ವರ್ಷಕ್ಕೆ?"

"ಗೊತ್ತುಜ್ಜಿ" ಎಂದಳು ಮಗಳು, ಅಚ್ಚ ತುಳುವಿನಲ್ಲಿ. ಆಮೇಲೆ ಮುಖ ಮುಚ್ಚಿಕೊಂಡು ಅತ್ತಳು.

ಅವರ ತಮ್ಮ ಡಬ್ಬವನ್ನೂ ಮೈಕ್ರೋಸ್ಕೋಪನ್ನೂ ನಮಗೆ ಬಿಟ್ಟುಹೋದರು. ಎರಡು ಕುರ್ಚಿಗಳನ್ನೂ ನಾನು ಕೇಳಿ ಇಟ್ಟುಕೊಂಡೆ. ಡಬ್ಬದೊಳಗೆ ನಾನು ಕೊಟ್ಟ ಹಾಳೆಯಿತ್ತು, ನಾಲ್ಕಾಗಿ ಮಡಚಿದ್ದು. ಎಸೆದಿರಲಿಲ್ಲ. ನನ್ನ ಅಂಕಿಗಳ ಪಕ್ಕದಲ್ಲಿ ತಮ್ಮವನ್ನು ಬರೆದಿದ್ದರು. ಹನ್ನೆರಡನೆಯದರ ಕೆಳಗೆ ಸ್ಕೇಲು ಇಟ್ಟು ಒಂದು ಗೆರೆ ಎಳೆದು, ಅದರಡಿ ಸಣ್ಣ ಅಕ್ಷರದಲ್ಲಿ ಬರೆದಿದ್ದರು: "ಇಲ್ಲಿವರೆಗೆ ಇಬ್ಬರು."

ನನ್ನ ರಜೆಯ ದಿನ, ಮಗಳು ಶಾಲೆಗೆ ಹೋದಮೇಲೆ, ಎರಡು ಕುರ್ಚಿಯನ್ನೂ ಮೇಜಿಗೆ ಎದುರು ಬದುರು ಹಾಕಿ ನಾನು ಬಿಗಿ ಕುರ್ಚಿಯಲ್ಲಿ ಕೂತೆ. ಹಾಳೆಯನ್ನು ಮಡಚಿ ದೂರವಿಟ್ಟು ಹದಿಮೂರನೆಯ ಕಲ್ಲನ್ನು ತೆಗೆದೆ. ಎಣ್ಣೆ ಹಾಕಿ, ಬೆಳಕು ಸರಿಮಾಡಿ, ಅವರು ಕಲಿಸಿದಂತೆ ಒಳಗಿನಿಂದ ಹೊರಗೆ ಎಣಿಸಿದೆ. ಮತ್ತೆ ಎಣಿಸಿದೆ. ಐದು ಬಂತು. ಚೀಟಿಯಲ್ಲಿ ಐದು ಎಂದು ಬರೆದು, ಮಡಚಿ, ಆಮೇಲೆ ಹಾಳೆ ಬಿಡಿಸಿ ನೋಡಿದೆ. ಅವರದು ಮೂರು.

ಎರಡು ಗೆರೆಯ ವ್ಯತ್ಯಾಸ. "ಇಲ್ಲ ಗೊತ್ತುಜ್ಜಿ, ಐದೇ" ಎಂದು ಗಟ್ಟಿಯಾಗಿಯೇ ಹೇಳಿದೆ. ಎದುರಿನ ಜೋತ ಕುರ್ಚಿಯಿಂದ ಯಾರೂ ಜಗಳಕ್ಕೆ ಬರಲಿಲ್ಲ.